ಗಾಡಿಯ ಬೆಲೆಗೂ ಔಟ್‌ಟರ್ನ್ ಕೇಳೋಣ

ಚೌಕಾಸಿ ಬಾರದವರು ನಮ್ಮ ಸಂಘದಲ್ಲಿ ಯಾರೂ ಇಲ್ಲ. ಚೆರಿ ಮೂಟೆಗೆ ವ್ಯಾಪಾರಿ ಔಟ್‌ಟರ್ನ್ ಅರ್ಧ ಪಾಯಿಂಟ್ ಕಡಿಮೆ ಹಿಡಿದರೆ ನಾವು ಬಿಡುವವರಲ್ಲ. ತೇವಾಂಶದ ಮೀಟರನ್ನು ಎರಡು ಸಲ ಹಾಕಿಸಿ ನೋಡುತ್ತೇವೆ. ರಾಶಿ ಅಡಿಕೆಗೆ ಕ್ವಿಂಟಾಲಿಗೆ ನೂರು ರೂಪಾಯಿ ವ್ಯತ್ಯಾಸ ಕಂಡರೆ ಮೂಟೆ ಇಳಿಸದೆ ಇನ್ನೊಂದು ಮಂಡಿಗೆ ಗಾಡಿ ತಿರುಗಿಸುತ್ತೇವೆ. ಇಂಥ ನಾವೇ ನಲವತ್ತು ಲಕ್ಷದ ಎಸ್‌ಯುವಿ ಕೊಳ್ಳಲು ಹೋದಾಗ, ತಣ್ಣನೆಯ ಶೋರೂಮಿನಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿದು, ಒಂದೇ ಒಂದು ಒಟ್ಟು ಮೊತ್ತ ಬರೆದ ಹಾಳೆಗೆ ಸಹಿ ಹಾಕಿ ಬರುತ್ತೇವೆ. ಕೇಳಿದರೆ, "ಅಂಥಲ್ಲಿ ಚೌಕಾಸಿ ಮಾಡಿದರೆ ಮರ್ಯಾದೆ ಏನಾದೀತು?" ಎಂಬ ಉತ್ತರ ಬರುತ್ತದೆ. ಮಾರುವಾಗ ಇಲ್ಲದ ಈ ನಾಚಿಕೆ ಕೊಳ್ಳುವಾಗ ಏಕೆ ಬರಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಸಣ್ಣ ಬೆಳೆಗಾರರ ಪತ್ರಿಕೆಯಲ್ಲಿ ಐಷಾರಾಮಿ ಗಾಡಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನ ತನಕ ಹಿಡುವಳಿ ಇರುವವರೆಲ್ಲ ಸಣ್ಣ ಬೆಳೆಗಾರರೇ. 2025ರ ಆರಂಭದಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟ ಟನ್ನಿಗೆ 5,500 ಡಾಲರನ್ನೂ ದಾಟಿತು. ಹದಿನೈದು ಇಪ್ಪತ್ತು ಎಕರೆ ರೋಬಸ್ಟ ಇದ್ದು, ಫಸಲೂ ಚೆನ್ನಾಗಿ ಬಂದವರ ಕೈಯಲ್ಲಿ ಎಂದೂ ಕಾಣದಷ್ಟು ಹಣ ಓಡಾಡಿತು. ಸಾಲ ತೀರಿಸಿದವರು, ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಇದ್ದಾರೆ. ದೊಡ್ಡ ಗಾಡಿ ಕೊಂಡವರೂ ಇದ್ದಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ರಸ್ತೆಗಳಲ್ಲಿ, ನಮ್ಮ ಮಳೆಯಲ್ಲಿ, ವಯಸ್ಸಾದವರನ್ನು ಮಂಗಳೂರು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಗಟ್ಟಿ ಗಾಡಿ ಬೇಕೇ ಬೇಕು. ಬೆವರಿನ ಹಣದಿಂದ ಒಂದು ಸುಖ ಪಡೆಯುವ ಹಕ್ಕೂ ಬೆಳೆಗಾರನಿಗುಂಟು. ಆದರೆ ಇದೇ ರೋಬಸ್ಟ 2001–02ರಲ್ಲಿ ಟನ್ನಿಗೆ 500 ಡಾಲರಿಗಿಂತ ಕೆಳಗೆ ಇಳಿದಿದ್ದನ್ನು ಕಂಡವರು ನಮ್ಮ ನಡುವೆಯೇ ಇದ್ದೇವೆ. ಒಳ್ಳೆಯ ವರ್ಷದ ಹಣದಲ್ಲಿ ವಿಚಾರಿಸದೆ ಬಿಟ್ಟ ಎರಡು ಮೂರು ಲಕ್ಷ ರೂಪಾಯಿ, ಕೆಟ್ಟ ವರ್ಷದಲ್ಲಿ ಆಳಿನ ಬಟವಾಡೆಗೆ ಬೇಕಾಗುವ ಹಣ.

ನಾವು ಮಾರಲು ಕಲಿತದ್ದೂ ಸುಲಭವಾಗಿ ಅಲ್ಲ. 1970–71ರಲ್ಲಿ ಅಡಿಕೆ ಧಾರಣೆ ಕುಸಿದಾಗ ಒಬ್ಬೊಬ್ಬನೇ ವ್ಯಾಪಾರಿಯ ಎದುರು ನಿಂತು ಸೋತ ಬೆಳೆಗಾರರು, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡರು. ಕಾಫಿಯಲ್ಲಿ 1990ರ ದಶಕದ ತನಕ ಮಂಡಳಿಯ ಪೂಲ್ ಪದ್ಧತಿ ಇದ್ದುದರಿಂದ ನಮಗೆ ಮಾರುವ ಚಿಂತೆಯೇ ಇರಲಿಲ್ಲ, ಮಾರುವ ಅಧಿಕಾರವೂ ಇರಲಿಲ್ಲ. ಮುಕ್ತ ಮಾರಾಟ ಬಂದ ಮೇಲೆ ಔಟ್‌ಟರ್ನ್ ಎಂದರೇನು, ಕಡಿತ ಎಷ್ಟು, ತೂಕ ಯಾರದು ಎಂದು ಒಂದೊಂದನ್ನೇ ಕೇಳಿ ಕಲಿತೆವು. "ಒಟ್ಟು ಲೆಕ್ಕದಲ್ಲಿ ಇಷ್ಟು ಕೊಡುತ್ತೇನೆ" ಎನ್ನುವ ವ್ಯಾಪಾರಿಯನ್ನು ಈಗ ನಾವು ನಂಬುವುದಿಲ್ಲ. ಒಟ್ಟು ಲೆಕ್ಕದಲ್ಲಿ ಯಾವ ಕಡಿತ ಎಲ್ಲಿ ಅಡಗಿದೆ ಎಂದು ಕಾಣುವುದಿಲ್ಲವೆಂದು ನಮಗೆ ಗೊತ್ತು. ಗಾಡಿಯ "ಆನ್-ರೋಡ್ ಬೆಲೆ" ಎಂಬುದೂ ಇಂಥದೇ ಒಟ್ಟು ಲೆಕ್ಕ. ಅದನ್ನು ಬಿಡಿಸಿ ನೋಡದೆ ನ್ಯಾಯವಾದ ಬೆಲೆ ಯಾವುದೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಬೆಲೆಯ ಒಳಗೆ ಏನೇನಿದೆ

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಡೀಸೆಲ್ ಅಥವಾ ಪೆಟ್ರೋಲ್ ಎಸ್‌ಯುವಿ ಒಂದರ ಎಕ್ಸ್-ಶೋರೂಂ ಬೆಲೆ 40 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ವಿದ್ಯುತ್ ಗಾಡಿಗಳ ತೆರಿಗೆಯ ಲೆಕ್ಕ ಬೇರೆ. ಅದು ಇಲ್ಲಿ ಬೇಡ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಗಾಡಿಗೆ ಜಿಎಸ್‌ಟಿ ಶೇಕಡಾ 40. ಆದ್ದರಿಂದ ಈ 40 ಲಕ್ಷದಲ್ಲಿ ಗಾಡಿಯ ನಿಜವಾದ ಬೆಲೆ ಸುಮಾರು 28 ಲಕ್ಷ 57 ಸಾವಿರ, ಉಳಿದ 11 ಲಕ್ಷ 43 ಸಾವಿರ ತೆರಿಗೆ. ಇದರ ಮೇಲೆ ರಾಜ್ಯ ಸರ್ಕಾರದ ಆಜೀವ ತೆರಿಗೆ ಬರುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಗಾಡಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11ರ ಸೆಸ್. ಅಂದರೆ 7 ಲಕ್ಷ 20 ಸಾವಿರಕ್ಕೆ 79,200 ಸೇರಿ 7,99,200 ರೂಪಾಯಿ. ಇಷ್ಟರಲ್ಲಿ ಡೀಲರಾಗಲಿ ನಾವಾಗಲಿ ಒಂದು ರೂಪಾಯಿಯನ್ನೂ ಎಳೆದಾಡುವಂತಿಲ್ಲ.

ಮುಂದಿನದು ಟಿಸಿಎಸ್. 10 ಲಕ್ಷ ಮೀರಿದ ಗಾಡಿಗೆ ಡೀಲರು ಶೇಕಡಾ 1ರಷ್ಟನ್ನು, ಅಂದರೆ ನಮ್ಮ ಉದಾಹರಣೆಯಲ್ಲಿ 40 ಸಾವಿರ ರೂಪಾಯಿಯನ್ನು, ಆದಾಯ ತೆರಿಗೆ ಇಲಾಖೆಗಾಗಿ ವಸೂಲು ಮಾಡುತ್ತಾರೆ. ಇದು ಖರ್ಚಲ್ಲ, ನಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುವ ಹಣ. ನಮ್ಮಲ್ಲಿ ಅನೇಕರು ಕಾಫಿಯನ್ನು ಹಸಿಯಾಗಿಯೋ ಒಣಗಿಸಿಯೋ ಕ್ಯೂರಿಂಗ್ ಮಾಡಿಸದೆ ಮಾರುವವರು. ಆ ಆದಾಯ ಕೃಷಿ ಆದಾಯ. ಹೀಗಾಗಿ "ನಮಗೆ ರಿಟರ್ನ್ಸ್ ಯಾಕೆ" ಎಂದು ಸುಮ್ಮನಿರುತ್ತಾರೆ. ರಿಟರ್ನ್ಸ್ ಸಲ್ಲಿಸದಿದ್ದರೆ ಈ 40 ಸಾವಿರ ವಾಪಸು ಬರುವುದಿಲ್ಲ. ಗಾಡಿ ಕೊಂಡ ವರ್ಷವಾದರೂ ಲೆಕ್ಕ ಪರಿಶೋಧಕರ ಬಳಿ ಹೋಗಿ ರಿಟರ್ನ್ಸ್ ಹಾಕಿಸಿ. ಬುಕಿಂಗ್ ಮಾಡುವಾಗ ಪ್ಯಾನ್ ಸಂಖ್ಯೆ ಸರಿಯಾಗಿ ಬರೆದಿದ್ದಾರೆಯೇ, ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ತಂದೆಯ ಹೆಸರಿನಲ್ಲಿ ಬಿಲ್ಲು, ಮಗನ ಪ್ಯಾನ್ ಎಂದಾದರೆ ಗೊಂದಲ ಖಂಡಿತ.

ಇಷ್ಟಕ್ಕೇ ಮೊತ್ತ 48 ಲಕ್ಷ 39 ಸಾವಿರವಾಯಿತು. ವಿಮೆ ಸೇರಿದರೆ 50 ಲಕ್ಷದ ಹತ್ತಿರ. ಇದಾದ ಮೇಲೆ ಹಾಳೆಯ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರುವವು: ಆಕ್ಸೆಸರಿ ಪ್ಯಾಕೇಜು, ಬಣ್ಣಕ್ಕೆ ಲೇಪನ, ಹೆಚ್ಚುವರಿ ವಾರಂಟಿ, ರಸ್ತೆ ಸಹಾಯ, "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಇತರೆ". ನಮ್ಮ ಚೌಕಾಸಿಗೆ ಜಾಗ ಇರುವುದು ಮೂರು ಕಡೆ. ಮೊದಲನೆಯದು ಗಾಡಿಯ ಮೂಲ ಬೆಲೆಯ ಮೇಲಿನ ರಿಯಾಯಿತಿ. ಎರಡನೆಯದು ವಿಮೆ ಮತ್ತು ಸಾಲ. ಮೂರನೆಯದು ಈ ಕೆಳಭಾಗದ ಸಣ್ಣ ಸಾಲುಗಳು. ಮೊದಲನೆಯದರಲ್ಲಿ 50 ಸಾವಿರ ಬಿಟ್ಟುಕೊಟ್ಟು ಉಳಿದ ಎರಡರಲ್ಲಿ ಒಂದು ಲಕ್ಷ ತೆಗೆದುಕೊಳ್ಳುವುದು ಸಾಧ್ಯ. ಒಟ್ಟು ಮೊತ್ತವನ್ನಷ್ಟೇ ನೋಡುವವನಿಗೆ ಅದು ತಿಳಿಯುವುದೇ ಇಲ್ಲ.

ಸರ್ಕಾರದ ಇಳಿಕೆ ಬೇರೆ, ಡೀಲರ ರಿಯಾಯಿತಿ ಬೇರೆ

2025ರ ಸೆಪ್ಟೆಂಬರಿನ ತನಕ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಶೇಕಡಾ 28, ಪರಿಹಾರ ಸೆಸ್ ಶೇಕಡಾ 22, ಒಟ್ಟು ಶೇಕಡಾ 50 ಇತ್ತು. ಅದು 40ಕ್ಕೆ ಇಳಿದಾಗ, ನಮ್ಮ ಉದಾಹರಣೆಯ ಗಾಡಿ 42 ಲಕ್ಷ 86 ಸಾವಿರದಿಂದ 40 ಲಕ್ಷಕ್ಕೆ ತಾನಾಗಿ ಇಳಿಯಬೇಕು. ಈ 2 ಲಕ್ಷ 86 ಸಾವಿರ ಸರ್ಕಾರ ಬಿಟ್ಟದ್ದು, ಡೀಲರು ಕೊಟ್ಟದ್ದಲ್ಲ. ಹಳೆಯ ಬೆಲೆಯ ಪಟ್ಟಿಯನ್ನು ಮುಂದಿಟ್ಟು "ನಿಮಗಾಗಿ ಇಷ್ಟು ಇಳಿಸಿದ್ದೇವೆ" ಎಂದು ಯಾರಾದರೂ ಹೇಳಿದರೆ, ಯಾವ ದಿನಾಂಕದ ಪಟ್ಟಿ ಅದು ಎಂದು ಕೇಳಬೇಕು. ಇದೇ ರೀತಿ ಕಂಪನಿ ಘೋಷಿಸುವ ರಿಯಾಯಿತಿಯೂ ಎಲ್ಲ ಗಿರಾಕಿಗಳಿಗೂ ಸಿಗುವಂಥದು. ಡೀಲರು ತನ್ನ ಕಮಿಷನ್ನಿನಿಂದ ಬಿಡುವುದು ಇವೆರಡರ ಆಚೆಗಿನದು. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಂಡರೆ ಯಾರು ಏನು ಕೊಟ್ಟರೆಂಬುದು ಸ್ಪಷ್ಟವಾಗುತ್ತದೆ.

ರಿಯಾಯಿತಿ ಬಿಲ್ಲಿನಲ್ಲಿ ಕಾಣಬೇಕು. "ಆಮೇಲೆ ಹೊಂದಿಸಿಕೊಡುತ್ತೇವೆ" ಎಂಬ ಮಾತು ಮಂಡಿಯಲ್ಲಿ ಚೀಟಿ ಇಲ್ಲದೆ ಮೂಟೆ ಇಳಿಸಿದಂತೆ.

ಹಳೆಯ ಗಾಡಿ, ವಿಮೆ, ಸಾಲ

ಹಳೆಯ ಗಾಡಿಯನ್ನು ಕೊಟ್ಟು ಹೊಸದನ್ನು ಕೊಳ್ಳುವವರು ಎರಡು ವ್ಯವಹಾರಗಳನ್ನು ಒಂದರಲ್ಲಿ ಬೆರೆಸಬಾರದು. ಹೊಸ ಗಾಡಿಯ ಬೆಲೆ ಇತ್ಯರ್ಥವಾಗಿ ಕಾಗದಕ್ಕೆ ಬರುವ ತನಕ ಹಳೆಯ ಗಾಡಿಯ ಮಾತೆತ್ತುವುದು ಬೇಡ. ಎತ್ತಿದರೆ, ಹಳೆಯದಕ್ಕೆ 50 ಸಾವಿರ ಹೆಚ್ಚು ಕೊಟ್ಟಂತೆ ತೋರಿಸಿ ಹೊಸದರ ರಿಯಾಯಿತಿಯಲ್ಲಿ ಅಷ್ಟನ್ನೇ ಹಿಡಿದುಕೊಳ್ಳುವುದು ಸುಲಭ. ಶೋರೂಮಿಗೆ ಹೋಗುವ ಮೊದಲೇ ಹೊರಗಿನ ಇಬ್ಬರು ಹಳೆ ಗಾಡಿ ವ್ಯಾಪಾರಿಗಳಿಂದ ಬೆಲೆ ಕಟ್ಟಿಸಿಟ್ಟುಕೊಂಡರೆ ಅಳತೆಗೋಲು ಕೈಯಲ್ಲಿರುತ್ತದೆ.

ವಿಮೆಯ ವಿಷಯದಲ್ಲಿ ನಮ್ಮವರು ಅತಿ ಹೆಚ್ಚು ಮೋಸ ಹೋಗುವುದು "ಇಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಡೆಲಿವರಿ ಇಲ್ಲ" ಎಂಬ ಮಾತಿಗೆ. ಡೀಲರ ಮೂಲಕವೇ ವಿಮೆ ಮಾಡಿಸಬೇಕೆಂದು ಗಿರಾಕಿಯನ್ನು ಒತ್ತಾಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಅದರ ದರ ಸರ್ಕಾರ ಗೊತ್ತುಪಡಿಸುವಂಥದು. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1,500 ಸಿಸಿ ಮೀರಿದ ಖಾಸಗಿ ಕಾರಿಗೆ ಮೂರು ವರ್ಷಕ್ಕೆ 24,596 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಇದು ಎಲ್ಲಿ ಮಾಡಿಸಿದರೂ ಒಂದೇ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಗಾಡಿಯ ಸ್ವಂತ ಹಾನಿಯ ವಿಮೆ ಮತ್ತು ಅದರ ಜೊತೆಗಿನ ಹೆಚ್ಚುವರಿ ರಕ್ಷಣೆಗಳು. ಅದೇ ಘೋಷಿತ ಮೌಲ್ಯ, ಅದೇ ರಕ್ಷಣೆಗಳನ್ನಿಟ್ಟು ಹೊರಗೆ ಎರಡು ಕಡೆ ಕೇಳಿ. ಸವಕಳಿ ಕಡಿತವಿಲ್ಲದ ವಿಮೆ, ಎಂಜಿನ್ನಿಗೆ ನೀರು ನುಗ್ಗಿದರೆ ಸಿಗುವ ರಕ್ಷಣೆ ನಮ್ಮ ಮಳೆಗಾಲಕ್ಕೆ ಬೇಕಾದವು. ಬೀಗದ ಕೈ ಕಳೆದರೆ, ಸಾಮಾನು ಕಳೆದರೆ ಎಂಬಂಥವು ಬೇಕೇ ಎಂದು ಯೋಚಿಸಿ. ಹೊರಗಿನ ದರವನ್ನು ತೋರಿಸಿದರೆ ಡೀಲರೇ ಇಳಿಸುವುದು ಸಾಮಾನ್ಯ. ಆಗ ಅಲ್ಲೇ ಮಾಡಿಸಲು ಅಡ್ಡಿಯಿಲ್ಲ. ಅಪಘಾತವಾದಾಗ ಅವರ ವರ್ಕ್‌ಶಾಪಿನಲ್ಲಿ ಕೆಲಸ ಸಲೀಸಾಗುತ್ತದೆ.

ಸಾಲದ ಲೆಕ್ಕ ಇನ್ನೂ ಮುಖ್ಯ. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸಾರ್?" ಎಂಬುದು ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ. ಉತ್ತರ ಕೊಟ್ಟಿರೋ, ಆ ಕಂತಿಗೆ ಹೊಂದುವಂತೆ ವರ್ಷಗಳನ್ನು ಎಳೆದು ಬೆಲೆಯನ್ನು ಮುಚ್ಚಿಬಿಡಬಹುದು. 30 ಲಕ್ಷ ಸಾಲ, ಏಳು ವರ್ಷ, ಇಳಿಕೆ ಬಾಕಿಯ ಮೇಲೆ ಶೇಕಡಾ 9 ಬಡ್ಡಿ ಎಂದಾದರೆ ತಿಂಗಳ ಕಂತು ಸುಮಾರು 48,270. ಶೇಕಡಾ 10 ಆದರೆ ಸುಮಾರು 49,800. ಕಂತಿನಲ್ಲಿ ಒಂದೂವರೆ ಸಾವಿರದ ವ್ಯತ್ಯಾಸ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಏಳು ವರ್ಷದಲ್ಲಿ ಅದು 1 ಲಕ್ಷ 29 ಸಾವಿರ. ಇನ್ನು "ಫ್ಲಾಟ್" ಬಡ್ಡಿಯ ಮಾತು. ಶೇಕಡಾ 6 ಫ್ಲಾಟ್ ಎಂದರೆ ಅಗ್ಗವೆಂದು ಕೇಳಿಸುತ್ತದೆ. 30 ಲಕ್ಷಕ್ಕೆ ಏಳು ವರ್ಷ ಅದೇ ಲೆಕ್ಕದಲ್ಲಿ ಬಡ್ಡಿ 12 ಲಕ್ಷ 60 ಸಾವಿರ. ಇಳಿಕೆ ಬಾಕಿಯ ಶೇಕಡಾ 9ರಲ್ಲಿ ಬಡ್ಡಿ 10 ಲಕ್ಷ 54 ಸಾವಿರ ಮಾತ್ರ. ಆರು ಒಂಬತ್ತಕ್ಕಿಂತ ದುಬಾರಿಯಾಗುವುದು ಹೀಗೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆಲ್ಲ ಬ್ಯಾಂಕು, ಫೈನಾನ್ಸ್ ಕಂಪನಿಗಳು ಮುಖ್ಯ ಸಂಗತಿಗಳ ಪತ್ರವೊಂದನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ನಮಗೆ ಆದಾಯ ಬರುವುದು ವರ್ಷಕ್ಕೊಂದೇ ಸಲವಾದ್ದರಿಂದ, ಫಸಲಿನ ನಂತರ ದೊಡ್ಡ ಗಂಟು ಕಟ್ಟಿ ಸಾಲ ಇಳಿಸಿದರೆ ದಂಡ ಎಷ್ಟು ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ.

ಯಾವಾಗ ಹೋಗಬೇಕು, ಹೇಗೆ ಕೇಳಬೇಕು

ಕಾಫಿ ಹಣ ಕೈಗೆ ಬರುವುದು ಫೆಬ್ರವರಿಯಿಂದ ಏಪ್ರಿಲಿನ ತನಕ ಎಂಬುದು ನಮಗಿಂತ ಚೆನ್ನಾಗಿ ಶೋರೂಮಿನವರಿಗೆ ಗೊತ್ತು. ಯುಗಾದಿ, ದಸರಾ, ದೀಪಾವಳಿಗೆ ಗಿರಾಕಿ ತಾನಾಗಿ ಬರುತ್ತಾನೆಂಬುದೂ ಗೊತ್ತು. ಎಲ್ಲರೂ ಕೊಳ್ಳುವ ದಿನ ಯಾರಿಗೂ ಬೆಲೆ ಇಳಿಯುವುದಿಲ್ಲ. ಎಲ್ಲರೂ ಒಟ್ಟಿಗೆ ಅಡಿಕೆ ಮಾರಲು ಹೋದ ವಾರ ಧಾರಣೆ ಏನಾಗುತ್ತದೆಂದು ತಿಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಷಾಢದಲ್ಲಿ ಮತ್ತು ಪಿತೃಪಕ್ಷದಲ್ಲಿ ಶೋರೂಮುಗಳು ಖಾಲಿ. ಆಗ ಮಾತು ಮುಗಿಸಿ, ಮುಂಗಡ ಕೊಟ್ಟು, ಬೆಲೆಯನ್ನು ಕಾಗದದಲ್ಲಿ ಕಟ್ಟಿಹಾಕಿ, ಗಾಡಿಯನ್ನು ಶ್ರಾವಣದ ಒಳ್ಳೆಯ ದಿನ ಮನೆಗೆ ತಂದರೆ ಶಾಸ್ತ್ರಕ್ಕೂ ಲೋಪವಿಲ್ಲ, ಜೇಬಿಗೂ ಲೋಪವಿಲ್ಲ. ತಿಂಗಳ ಕೊನೆಯ ವಾರ ಮತ್ತು ಮಾರ್ಚ್ ಕೊನೆಗೆ ಮಾರಾಟದ ಗುರಿ ಮುಟ್ಟುವ ಒತ್ತಡ ಅವರಿಗಿರುತ್ತದೆ. ಡಿಸೆಂಬರಿನಲ್ಲಿ ದೊಡ್ಡ ರಿಯಾಯಿತಿ ಸಿಗುವುದುಂಟು. ಅದು ವರ್ಷ ಬದಲಾಗುವ ಮೊದಲು ಮಾಲು ಖಾಲಿ ಮಾಡುವ ಉಪಾಯ. ಮುಂದೆ ಮಾರುವಾಗ ತಯಾರಿಕೆಯ ವರ್ಷ ಲೆಕ್ಕಕ್ಕೆ ಬರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ, ಮೂರೇ ವರ್ಷಕ್ಕೆ ಬದಲಾಯಿಸುವವರು ಎರಡು ಸಲ ಯೋಚಿಸಬೇಕು. ಜನವರಿ ನಂತರ ಹೋದರೆ ತಯಾರಾದ ತಿಂಗಳು, ವರ್ಷ ಯಾವುದೆಂದು ಮೊದಲೇ ಕೇಳಿ. ಆರ್‌ಸಿಯಲ್ಲಿ ಅದು ಅಚ್ಚಾಗಿಯೇ ಬರುತ್ತದೆ.

ಕೇಳುವ ಕ್ರಮ ಸರಳ. ಒಂದೇ ಮಾದರಿ, ಒಂದೇ ದರ್ಜೆ, ಒಂದೇ ಬಣ್ಣದ ಗಾಡಿಗೆ ಮೂರು ಡೀಲರುಗಳಿಂದ ಬರಹದಲ್ಲಿ ಕೊಟೇಶನ್ ತರಿಸಿ. ಹಾಸನದವರು ಮಂಗಳೂರಿನಲ್ಲೂ ಕೇಳಬಹುದು, ಚಿಕ್ಕಮಗಳೂರಿನವರು ಶಿವಮೊಗ್ಗದಲ್ಲೂ ಕೇಳಬಹುದು, ಕೊಡಗಿನವರಿಗೆ ಮೈಸೂರು ಹತ್ತಿರ. ಎಕ್ಸ್-ಶೋರೂಂ ಬೆಲೆ, ಕಂಪನಿಯ ರಿಯಾಯಿತಿ, ಡೀಲರ ರಿಯಾಯಿತಿ, ಆಜೀವ ತೆರಿಗೆ, ಟಿಸಿಎಸ್, ವಿಮೆ, ಆಕ್ಸೆಸರಿ, ಇತರೆ ಎಂದು ಎಂಟು ಸಾಲು ಇರಬೇಕೆಂದು ನೀವೇ ಹೇಳಿ. "ಇತರೆ" ಎಂಬ ಸಾಲಿನಲ್ಲಿ ಮೊತ್ತವಿದ್ದರೆ ಅದು ಯಾವುದರ ಬಾಬ್ತು, ರಶೀದಿ ಸಿಗುತ್ತದೆಯೇ ಎಂದು ಕೇಳಿ. ರಶೀದಿ ಕೊಡಲಾಗದ ಹಣವನ್ನು ಕೊಡಬೇಕಾದ್ದಿಲ್ಲ. ಆಕ್ಸೆಸರಿ ಪ್ಯಾಕೇಜು ತೆಗೆದುಕೊಂಡರೆ ಮಾತ್ರ ಗಾಡಿ ಎಂಬ ಷರತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. 50 ಲಕ್ಷದ ತನಕ ಹಣ ಕೊಟ್ಟ ಖರೀದಿಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗವೇ ಕೇಳುತ್ತದೆ, ಅದೂ ನಾವು ವಾಸವಿರುವ ಜಿಲ್ಲೆಯಲ್ಲಿ. ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಮೂರು ಕಾಗದ ಕೈಯಲ್ಲಿದ್ದರೆ ಜಗಳವೂ ಬೇಡ, ಜಾಣತನವೂ ಬೇಡ. ಮೆಚ್ಚಿದ ಡೀಲರ ಮುಂದೆ ಉಳಿದೆರಡನ್ನು ಇಟ್ಟು, "ನಿಮ್ಮಲ್ಲೇ ಕೊಳ್ಳುವ ಮನಸ್ಸಿದೆ, ಈ ಸಾಲು ಸರಿಮಾಡಿದರೆ ಇವತ್ತೇ ಮುಂಗಡ" ಎಂದರೆ ಸಾಕು. ಆಗದಿದ್ದರೆ ನಮಸ್ಕಾರ ಹೇಳಿ ಎದ್ದು ಬರಬೇಕು. ಎದ್ದು ಬರಲು ಸಿದ್ಧನಿಲ್ಲದವನಿಗೆ ಮಂಡಿಯಲ್ಲೂ ಬೆಲೆ ಸಿಗುವುದಿಲ್ಲ, ಶೋರೂಮಿನಲ್ಲೂ ಸಿಗುವುದಿಲ್ಲ. ಮಕ್ಕಳನ್ನು ಮೊದಲ ದಿನವೇ ಕರೆದೊಯ್ದು ಬಣ್ಣ ಆರಿಸಲು ಬಿಟ್ಟರೆ ಎದ್ದು ಬರುವುದು ಕಷ್ಟ. ಅವರನ್ನು ಡೆಲಿವರಿಯ ದಿನ ಕರೆದೊಯ್ದರಾಯಿತು.

ಚೌಕಾಸಿಗೂ ಒಂದು ಮೇರೆ

ಇಷ್ಟು ಹೇಳಿದ್ದರಿಂದ ಡೀಲರೆಲ್ಲ ವೈರಿಗಳೆಂದು ಭಾವಿಸಬಾರದು. ನಮ್ಮ ದೇಶದಲ್ಲಿ ಗಾಡಿಯ ಮೇಲೆ ಡೀಲರಿಗೆ ಸಿಗುವ ಕಮಿಷನ್ ಒಂದಂಕಿಯ ಶೇಕಡಾವಾರು. ಅದರಲ್ಲೇ ಬಾಡಿಗೆ, ಸಂಬಳ, ಮಾಲಿನ ಮೇಲಿನ ಬ್ಯಾಂಕ್ ಬಡ್ಡಿ ಎಲ್ಲವೂ ನಡೆಯಬೇಕು. 40 ಲಕ್ಷದ ಗಾಡಿಯಲ್ಲಿ ಐದು ಲಕ್ಷ ಬಿಡಿ ಎಂದು ಕೇಳುವವನು ತೆರಿಗೆಯನ್ನೂ ಡೀಲರ ಲಾಭವೆಂದು ಎಣಿಸಿದವನು. ಮುಂದಿನ ಹತ್ತು ವರ್ಷ ಸರ್ವಿಸಿಗೆ ಅವರ ಬಾಗಿಲಿಗೇ ಹೋಗಬೇಕೆಂಬುದನ್ನೂ ಮರೆಯಬಾರದು. ಬುಕಿಂಗಿಗೆ ತಿಂಗಳುಗಟ್ಟಲೆ ಕಾಯುವ ಗಾಡಿಗೆ ರಿಯಾಯಿತಿ ಸಿಗದಿದ್ದರೆ ಅದು ಅನ್ಯಾಯವಲ್ಲ. ಅಲ್ಲಿ ನಮ್ಮ ಗಮನ ವಿಮೆ, ಸಾಲ, ಸಣ್ಣ ಸಾಲುಗಳ ಮೇಲಿರಬೇಕು. ಕೆಲವು ಕಡೆ ಬೆಲೆಯ ಚೌಕಾಸಿಗೆ ಎಡೆಯೇ ಇಲ್ಲ. 2021ರಲ್ಲಿ ಮರ್ಸಿಡಿಸ್-ಬೆಂಜ್ ಕಂಪನಿ ಭಾರತದಲ್ಲಿ ತಾನೇ ನೇರವಾಗಿ ಗಿರಾಕಿಗೆ ಬಿಲ್ಲು ಮಾಡಿ, ಎಲ್ಲೆಡೆ ಒಂದೇ ಬೆಲೆಗೆ ಮಾರುವ ಪದ್ಧತಿ ತಂದಿತು; ಡೀಲರು ಅಲ್ಲಿ ಏಜೆಂಟ್ ಮಾತ್ರ. ನನ್ನ ದೃಷ್ಟಿಯಲ್ಲಿ ನ್ಯಾಯವಾದ ಬೆಲೆ ಎಂದರೆ ಪ್ರತಿಯೊಂದು ಸಾಲಿಗೂ ಇಬ್ಬರೂ ಕಾರಣ ಹೇಳಬಲ್ಲ ಬೆಲೆ. ಅದು ಅತಿ ಕಡಿಮೆಯ ಬೆಲೆಯೇ ಆಗಬೇಕೆಂದಿಲ್ಲ.

ಇನ್ನೆರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಕೆ. ಆಜೀವ ತೆರಿಗೆ ಉಳಿಸಲು ಪುದುಚೇರಿಯಂಥ ಕಡೆ ಬಾಡಿಗೆ ವಿಳಾಸ ತೋರಿಸಿ ನೋಂದಣಿ ಮಾಡಿಸುವ ಸಲಹೆ ಕೊಡುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಇಂಥ ಹಲವು ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿತು. ತೆರಿಗೆ ತಪ್ಪಿಸುವುದು ಚೌಕಾಸಿಯಲ್ಲ. ಎರಡನೆಯದು ನಗದು. "ಅಡಿಕೆ ಮಾರಿದ ನಗದಿದೆ, ಅದನ್ನೇ ಕೊಡುತ್ತೇನೆ, ಸ್ವಲ್ಪ ಇಳಿಸಿ" ಎಂದು ಕೇಳುವುದು ಬೇಡ. 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಬ್ಯಾಂಕಿನ ಮೂಲಕ ಕೊಟ್ಟ ಹಣಕ್ಕೆ ಸಾಕ್ಷಿ ತಾನಾಗಿ ಇರುತ್ತದೆ.

ಸಂಘ ಏನು ಮಾಡಬಹುದು

ಒಬ್ಬ ಬೆಳೆಗಾರ ಡೀಲರ ಮುಂದೆ ಕೂತಾಗ, ಅವನು ಜೀವಮಾನದಲ್ಲಿ ಎರಡೋ ಮೂರೋ ಸಲ ಮಾಡುವ ವ್ಯವಹಾರ ಅದು. ಎದುರಿಗಿರುವವನು ಅದನ್ನು ದಿನಕ್ಕೆ ಎರಡು ಮೂರು ಸಲ ಮಾಡುತ್ತಾನೆ. ಈ ಅಸಮಾನತೆಯನ್ನು ಒಬ್ಬೊಬ್ಬರ ಜಾಣತನದಿಂದ ಸರಿಪಡಿಸಲಾಗದು. ಗೊಬ್ಬರದಲ್ಲಿ, ಮೈಲುತುತ್ತದಲ್ಲಿ ನಾವು ಒಟ್ಟಾಗಿ ಕೊಂಡು ಕಂಡ ಲಾಭ ಗಾಡಿಯಲ್ಲೂ ಸಿಗದೆ ಇರಲು ಕಾರಣವಿಲ್ಲ. ಇದು ಆಡಳಿತ ಮಂಡಳಿಯ ನಿರ್ಣಯವಲ್ಲ, ನನ್ನ ಸ್ವಂತ ಅಭಿಪ್ರಾಯ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗಿಡಲು ಬಯಸುತ್ತೇನೆ.

ಮೊದಲನೆಯದಾಗಿ, ಹೊಸ ಗಾಡಿ ಕೊಂಡ ಸದಸ್ಯರು ತಮ್ಮ ಕೊಟೇಶನ್ ಮತ್ತು ಅಂತಿಮ ಬಿಲ್ಲಿನ ಪ್ರತಿಯನ್ನು, ಹೆಸರು ವಿಳಾಸ ಅಳಿಸಿ, ಸಂಘದ ಕಚೇರಿಗೆ ಕೊಡಲಿ. ಯಾವ ತಿಂಗಳಲ್ಲಿ, ಯಾವ ಮಾದರಿಗೆ, ಯಾವ ಊರಿನಲ್ಲಿ ಯಾವ ಸಾಲಿಗೆ ಎಷ್ಟು ಎಂಬುದು ಒಂದು ಕಡತದಲ್ಲಿದ್ದರೆ, ಮುಂದೆ ಕೊಳ್ಳುವವರು ಬಂದು ನೋಡಬಹುದು. ಕಾಫಿ ಅಡಿಕೆಯ ಧಾರಣೆಯನ್ನು ಹಲಗೆಯ ಮೇಲೆ ಬರೆಯುವಷ್ಟೇ ಸಹಜ ಕೆಲಸ ಇದು. ಎರಡನೆಯದಾಗಿ, ಒಂದೇ ಹಂಗಾಮಿನಲ್ಲಿ ಗಾಡಿ ಕೊಳ್ಳಲಿರುವ ನಾಲ್ಕೈದು ಮಂದಿ ಮೊದಲೇ ತಿಳಿಸಿದರೆ, ಅವರ ಪರವಾಗಿ ಮೂರು ಡೀಲರುಗಳಿಗೆ ಒಂದೇ ಪತ್ರ ಬರೆದು ದರ ಕೇಳೋಣ. ಐದು ಗಾಡಿಯ ಗಿರಾಕಿಗೆ ಸಿಗುವ ಉತ್ತರ ಒಂದು ಗಾಡಿಯ ಗಿರಾಕಿಗೆ ಸಿಗುವುದಿಲ್ಲ. ಐಷಾರಾಮಿ ಗಾಡಿಗೆ ಮಾತ್ರವಲ್ಲ, ಪಿಕಪ್ಪು, ಸಣ್ಣ ಕಾರು, ಮಕ್ಕಳ ಬೈಕಿಗೂ ಇದೇ ಕ್ರಮ ನಡೆಯುತ್ತದೆ. ಮೂರನೆಯದಾಗಿ, ಈ ಕೆಲಸಕ್ಕೆ ಸಂಘವಾಗಲಿ, ಕಾರ್ಯದರ್ಶಿಯಾಗಲಿ, ನಿರ್ದೇಶಕರಾಗಲಿ ಯಾವ ಡೀಲರಿಂದಲೂ ಕಮಿಷನ್, ಉಡುಗೊರೆ, ಜಾಹೀರಾತು ಪಡೆಯಕೂಡದೆಂದು ನಿರ್ಣಯದಲ್ಲೇ ಬರೆಯಬೇಕು. ಪಡೆದ ದಿನವೇ ಕಡತದ ಬೆಲೆ ಹೋಗುತ್ತದೆ.

ಇದಕ್ಕೆ ಆಕ್ಷೇಪ ಬರುವುದೂ ಸಹಜ. ಎರಡೆಕರೆಯ ಸದಸ್ಯನ ಷೇರು ಹಣದಲ್ಲಿ ನಡೆಯುವ ಕಚೇರಿ ದೊಡ್ಡ ಗಾಡಿ ಕೊಳ್ಳುವವನ ಚಾಕರಿ ಏಕೆ ಮಾಡಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ತಗಲುವ ಖರ್ಚು ಒಂದು ಕಡತ, ಒಂದೆರಡು ಪತ್ರ. ದೊಡ್ಡ ಗಾಡಿಯವರು ಅದಕ್ಕೆ ಶುಲ್ಕ ಕೊಡಲಿ ಎಂದರೂ ನನ್ನ ಒಪ್ಪಿಗೆಯಿದೆ. ಆದರೆ ಎರಡೆಕರೆಯ ಸದಸ್ಯನೂ ಒಂದು ದಿನ ಪಿಕಪ್ಪು ಕೊಳ್ಳಲು ಹೋಗುತ್ತಾನೆ. ಅವನಿಗೆ 20 ಸಾವಿರ ಎಂದರೆ ಉಳಿದವರಿಗೆ ಎರಡು ಲಕ್ಷವಿದ್ದಂತೆ. ಸಾಲುಸಾಲಾಗಿ ಬಿಡಿಸಿ ಕೇಳುವ ಪದ್ಧತಿ ನಮ್ಮೂರಿನಲ್ಲಿ ರೂಢಿಯಾದರೆ ಅದರ ಲಾಭ ಮೊದಲು ಅವನಿಗೆ.

ಮರ್ಯಾದೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಲೆಕ್ಕ ಕೇಳುವುದರಿಂದ ಕಳೆಯುವ ಮರ್ಯಾದೆ ಯಾವುದೂ ಇಲ್ಲ. ಈ ವರ್ಷ ಹೊಸ ಗಾಡಿಯ ಆಲೋಚನೆ ಇರುವ ಸದಸ್ಯರು ಮೊದಲ ಕೊಟೇಶನ್ ಕೈಗೆ ಬಂದ ಕೂಡಲೆ, ಸಹಿ ಹಾಕುವ ಮೊದಲು, ಒಂದು ಸಲ ಸಂಘದ ಕಚೇರಿಗೆ ತನ್ನಿ. ಎಂಟು ಸಾಲುಗಳನ್ನು ಕೂತು ಒಟ್ಟಿಗೆ ಓದೋಣ.